ಗೆಳೆಯರ ವಿಹಾರ ಮತ್ತು ದ್ರಾಕ್ಷಿತೋಟದ ಮೇಜು

ನೀವು ಹಲಸೂರಿನ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೀರೆಂದು ಭಾವಿಸಿರಿ. ಸಹೋದ್ಯೋಗಿಗಳು ಒಳ್ಳೆಯವರು. ನೀವು ನಮಾಝ್‌ಗೆ ಎದ್ದಾಗ ನಿಮ್ಮ ಕೆಲಸ ನೋಡಿಕೊಳ್ಳುವವರು, ರಂಝಾನ್‌ನಲ್ಲಿ ನಿಮ್ಮೆದುರು ಚಹಾ ಕುಡಿಯಲೂ ಹಿಂಜರಿಯುವವರು. ಅವರು ಒಂದು ದಿನ ಬಂದು, "ಭಾನುವಾರ ಎಲ್ಲರೂ ನಂದಿಬೆಟ್ಟದ ಕಡೆಯ ವೈನರಿಗೆ ಹೋಗೋಣ. ತೋಟ ಸುತ್ತೋಣ, ಊಟ ಮಾಡೋಣ. ನೀನು ಕುಡಿಯಬೇಡ, ಜೊತೆಗಿದ್ದರೆ ಸಾಕು" ಎನ್ನುತ್ತಾರೆ. ಮದ್ಯ ನಿಷಿದ್ಧವೆಂಬುದರಲ್ಲಿ ನಿಮಗೆ ಸಂದೇಹವಿಲ್ಲ. ಆದರೆ ಕುಡಿಯದೆ ಜೊತೆಗೆ ಹೋಗುವುದರಲ್ಲಿ ತಪ್ಪೇನು? ಇಂದು ನಮ್ಮ ಅನೇಕ ಯುವಕ ಯುವತಿಯರ ಮುಂದಿರುವ ಪ್ರಶ್ನೆ ಇದೇ.

ಮೊದಲು ಆ ಸ್ಥಳವನ್ನು ಅರಿತುಕೊಳ್ಳೋಣ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ದ್ರಾಕ್ಷಿ ಬೇಸಾಯ ಹಳೆಯದು. ಇಲ್ಲಿನ 'ಬೆಂಗಳೂರು ನೀಲಿ' ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಸಮೀಪ, ಗ್ರೋವರ್ ಕುಟುಂಬ 1988ರಲ್ಲಿ ವೈನ್ ಉದ್ಯಮವನ್ನು ಆರಂಭಿಸಿತು. 2012ರಲ್ಲಿ ಅದು ನಾಸಿಕದ ಇನ್ನೊಂದು ಸಂಸ್ಥೆಯೊಡನೆ ವಿಲೀನವಾಯಿತು. ಇಂತಹ ತೋಟಗಳಿಗೆ ಹೋದವರು ಬಳ್ಳಿಗಳ ಸಾಲಿನಲ್ಲಿ ಅಡ್ಡಾಡುತ್ತಾರೆ, ಪೀಪಾಯಿಗಳಿರುವ ನೆಲಮಾಳಿಗೆ ನೋಡುತ್ತಾರೆ, ಕೊನೆಗೆ ಮೇಜಿನ ಸುತ್ತ ಕುಳಿತು ಒಂದೊಂದೇ ವೈನಿನ ರುಚಿ ನೋಡುತ್ತಾರೆ. ಇಲ್ಲಿ ಗದ್ದಲವಿಲ್ಲ, ಬೈಗುಳವಿಲ್ಲ. ಇದು ಕುಟುಂಬದವರು ಕಟ್ಟಿದ ಕಸುಬು, ಕುಟುಂಬಗಳೇ ಬಂದು ಹೋಗುವ ಜಾಗ ಎಂಬ ಭಾವನೆ ಮೂಡುತ್ತದೆ. ಶೋಧನೆ ಇರುವುದು ಅಲ್ಲಿಯೇ.

ಹಣ್ಣಿನ ಮೇಲೆ ತಪ್ಪು ಹೊರಿಸಬೇಕಾಗಿಲ್ಲ. ಖರ್ಜೂರ ಮತ್ತು ದ್ರಾಕ್ಷಿಯಿಂದ ಮನುಷ್ಯರು ಅಮಲನ್ನೂ ತಯಾರಿಸುತ್ತಾರೆ, ಉತ್ತಮ ಆಹಾರವನ್ನೂ ಪಡೆಯುತ್ತಾರೆಂದು ಪವಿತ್ರ ಕುರ್‌ಆನ್ 'ಅನ್ನಹ್ಲ್' ಅಧ್ಯಾಯದ 67ನೆಯ ಸೂಕ್ತದಲ್ಲಿ ನೆನಪಿಸುತ್ತದೆ. ಅಲ್ಲಾಹನು ಕೊಟ್ಟದ್ದು ಹಣ್ಣು. ಅದನ್ನು ಏನು ಮಾಡಬೇಕೆಂಬ ಆಯ್ಕೆ ಮನುಷ್ಯನದು. 'ಅಲ್‌ಬಕರ' ಅಧ್ಯಾಯದ 219ನೆಯ ಸೂಕ್ತವಂತೂ ಮದ್ಯದಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆಯೆಂದು ಒಪ್ಪಿಕೊಂಡೇ, ಅದರ ಪಾಪವು ಪ್ರಯೋಜನಕ್ಕಿಂತ ದೊಡ್ಡದೆಂದು ತಿಳಿಸುತ್ತದೆ. ಆದ್ದರಿಂದ ರೈತನಿಗೆ ಬೆಲೆ ಸಿಗುತ್ತದೆ, ಊರಿಗೆ ಪ್ರವಾಸಿಗರು ಬರುತ್ತಾರೆ, ಗೆಳೆಯರು ಒಂದಾಗುತ್ತಾರೆ ಎಂದು ಯಾರಾದರೂ ಹೇಳಿದರೆ ನಾವು ಸಿಟ್ಟಾಗಬೇಕಿಲ್ಲ. ಲಾಭವಿರುವುದೆಲ್ಲವೂ ಧರ್ಮಸಮ್ಮತವಲ್ಲ ಎಂಬುದಷ್ಟೇ ನಮ್ಮ ಉತ್ತರ.

ಸಭ್ಯತೆಯ ವೇಷ ತೊಟ್ಟ ಮಾತ್ರಕ್ಕೆ ವಸ್ತುವಿನ ಗುಣ ಬದಲಾಗುವುದೇ? ನಮ್ಮ ರಾಜ್ಯದಲ್ಲೇ ಇದಕ್ಕೊಂದು ನಿದರ್ಶನವಿದೆ. ಕರ್ನಾಟಕ ಸರಕಾರವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಕೂಲಿಕಾರನ ಮನೆ ಉಳಿಯಲಿ ಎಂಬ ಆಶಯಕ್ಕೆ ಎಲ್ಲರೂ ತಲೆದೂಗಿದರು. ಅದೇ 2007ರಲ್ಲಿ ವೈನ್ ತಯಾರಿಕೆಯನ್ನು ಪ್ರೋತ್ಸಾಹಿಸುವ ನೀತಿಯೂ ಬಂತು. ಬಡವನು ಕುಡಿದರೆ ಚಟ, ಉಳ್ಳವನು ಕುಡಿದರೆ ಅಭಿರುಚಿ! ಶರೀರಕ್ಕೆ ಈ ಭೇದ ತಿಳಿಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತ್ತು. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಹೇಳಿತು. ಹೆಚ್ಚು ಕುಡಿದರೆ ಅಮಲೇರುವ ವಸ್ತುವಿನ ಅಲ್ಪ ಪ್ರಮಾಣವೂ ನಿಷಿದ್ಧವೆಂದು ಪ್ರವಾದಿವರ್ಯರು(ಸ) ಹದಿನಾಲ್ಕು ಶತಮಾನಗಳ ಹಿಂದೆಯೇ ಕಲಿಸಿಕೊಟ್ಟಿದ್ದರು.

ಈಗ ಮೂಲ ಪ್ರಶ್ನೆಗೆ ಬರೋಣ. ಅಲ್ಲಾಹ್ ಮತ್ತು ಅಂತ್ಯದಿನದಲ್ಲಿ ವಿಶ್ವಾಸವಿಡುವವನು ಮದ್ಯ ಹಂಚಲಾಗುವ ಪಂಕ್ತಿಯಲ್ಲಿ ಕುಳಿತುಕೊಳ್ಳಬಾರದೆಂದು ಹದೀಸ್‌ನಲ್ಲಿದೆ. ಇನ್ನೊಂದು ಹದೀಸ್ ಕುಡಿಯುವವನನ್ನಷ್ಟೇ ಅಲ್ಲ, ಹಿಂಡುವವನು, ಹೊರುವವನು, ಬಡಿಸುವವನು, ಮಾರುವವನು, ಕೊಳ್ಳುವವನು ಹೀಗೆ ಹತ್ತು ಮಂದಿಯನ್ನು ಎಚ್ಚರಿಸಿದೆ. ಇಷ್ಟು ಬಿಗಿ ಏಕೆ? ಕೆಡುಕು ಒಬ್ಬನಿಂದ ನಿಲ್ಲುವುದಿಲ್ಲ, ಸುತ್ತ ಇರುವವರ ಒಪ್ಪಿಗೆಯಿಂದ ನಿಲ್ಲುತ್ತದೆ. ಕೆಲಸದ ನಿಮಿತ್ತ ಹೋಟೆಲಿಗೆ ಹೋದಾಗ ದೂರದ ಮೇಜಿನಲ್ಲಿ ಯಾರೋ ಕುಡಿಯುತ್ತಿರುವುದು ಬೇರೆ. ಕುಡಿತವನ್ನೇ ಉದ್ದೇಶವಾಗಿಟ್ಟುಕೊಂಡ ಕೂಟಕ್ಕೆ ಪ್ರೀತಿಯಿಂದ ಹೊರಟುಹೋಗುವುದು ಬೇರೆ. ಅಲ್ಲಿ ನಿಮ್ಮ ಲೋಟದಲ್ಲಿ ನೀರಿದ್ದರೂ ನಿಮ್ಮ ಹಾಜರಿಯೇ ಒಂದು ಸಾಕ್ಷ್ಯ. ಆ ದಿನದ ಚಿತ್ರವನ್ನು ಮನೆಯಲ್ಲಿ ನಿಮ್ಮ ತಮ್ಮ ನೋಡುತ್ತಾನೆ. ಅವನಿಗೆ ನಿಮ್ಮ ಲೋಟದಲ್ಲಿದ್ದುದು ತಿಳಿಯದು, ನೀವು ಕುಳಿತ ಮೇಜು ಮಾತ್ರ ತಿಳಿಯುತ್ತದೆ.

ಹಾಗಾದರೆ ಗೆಳೆತನ ಮುರಿಯಬೇಕೇ? ಖಂಡಿತ ಇಲ್ಲ. ಮದ್ಯ ನಿಷೇಧದ ಆಜ್ಞೆ ಇಳಿದ ದಿನವನ್ನು ನೆನೆಯಿರಿ. ಮದೀನಾದಲ್ಲಿ ಅಬೂ ತಲ್ಹಾ(ರ)ರ ಮನೆಯಲ್ಲಿ ಗೆಳೆಯರು ಕೂಡಿದ್ದರು. ಯುವಕ ಅನಸ್(ರ) ಮದ್ಯ ಬಡಿಸುತ್ತಿದ್ದರು. ಹೊರಗೆ ಸಾರುವವನ ದನಿ ಕೇಳಿದೊಡನೆ ಅವರು ಮದ್ಯವನ್ನು ಚೆಲ್ಲಿಬಿಟ್ಟರು. ಅದು ಬೀದಿಯಲ್ಲಿ ಹರಿಯಿತು. ಆದರೆ ಆ ಗೆಳೆತನ ಚೆಲ್ಲಿಹೋಗಲಿಲ್ಲ. ಅದು ಇನ್ನಷ್ಟು ಗಟ್ಟಿಯಾಯಿತು.

ನಿಜವಾದ ಪರೀಕ್ಷೆ ನಿರಾಕರಿಸುವ ರೀತಿಯಲ್ಲಿದೆ. "ಜ್ವರ ಬಂದಿದೆ", "ಊರಿಗೆ ಹೋಗಬೇಕಾಗಿದೆ" ಎಂದು ನೆಪ ಹೇಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಒಂದು ಪಾಪದಿಂದ ಪಾರಾಗಲು ಸುಳ್ಳೆಂಬ ಇನ್ನೊಂದು ಪಾಪದ ಆಸರೆ ಏಕೆ? ಇಂದು ಜ್ವರವೆಂದವರು ಮುಂದಿನ ಬಾರಿ ಏನು ಹೇಳುವಿರಿ? "ನಿಮ್ಮೊಂದಿಗೆ ಬೆಟ್ಟ ಹತ್ತಲು ಖುಷಿಯಿದೆ. ಆದರೆ ಮದ್ಯವಿರುವ ಮೇಜಿನಲ್ಲಿ ನನ್ನ ಧರ್ಮ ನನ್ನನ್ನು ಕೂರಲು ಬಿಡದು. ಬೆಳಿಗ್ಗೆ ನಂದಿಬೆಟ್ಟಕ್ಕೆ ಜೊತೆಯಾಗಿ ಬರುತ್ತೇನೆ, ಅಲ್ಲಿಂದ ಮರಳುತ್ತೇನೆ" ಎಂದು ನಗುಮುಖದಿಂದ ಹೇಳಿ ನೋಡಿರಿ. ಸತ್ಯ ಹೇಳಿದವನನ್ನು ಗೆಳೆಯರು ಗೌರವಿಸುತ್ತಾರೆ. ದಂಡು ಪ್ರದೇಶದ ಅನೇಕ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ದ್ರಾಕ್ಷಿಯ ವೈನ್ ತಯಾರಾಗುತ್ತದೆ. ಆದರೆ ತಮ್ಮ ಮುಸ್ಲಿಮ್ ನೆರೆಯವರ ಮನೆಗೆ ಕಲ್‌ಕಲ್ ತುಂಬಿದ ತಟ್ಟೆಯನ್ನಷ್ಟೇ ಕಳಿಸುವ ಅಮ್ಮಂದಿರು ಅಲ್ಲಿದ್ದಾರೆ. ಒಮ್ಮೆ ಸ್ಪಷ್ಟವಾಗಿ ತಿಳಿಸಿದರೆ ಸಾಕು, ಒಳ್ಳೆಯ ನೆರೆಯವರು ಅದನ್ನು ವರ್ಷಗಟ್ಟಲೆ ನೆನಪಿಡುತ್ತಾರೆ.

ನಿರಾಕರಿಸಿ ಸುಮ್ಮನಾಗುವುದೂ ಸಲ್ಲದು. ಮುಂದಿನ ಭಾನುವಾರ ಅವರನ್ನೇ ಮನೆಗೆ ಕರೆಯಿರಿ. ನಿಮ್ಮ ಅಮ್ಮಿಯ ಕೈಯ ಬಿರಿಯಾನಿ ಅವರ ತಟ್ಟೆಗೆ ಬೀಳಲಿ. ಅವರು ಕೇಳಿದ್ದು ನಿಮ್ಮ ಸಾಂಗತ್ಯವನ್ನು. ಅದನ್ನು ನಿರಾಕರಿಸುವ ಅಗತ್ಯ ನಿಮಗಿಲ್ಲ.

ಕೊನೆಯದಾಗಿ ಒಂದು ಮಾತು. ವೈನರಿಗೆ ಹೋಗದೆ ಉಳಿದವನು ಸೋಮವಾರ ಕಚೇರಿಯಲ್ಲಿ ಕುಳಿತು, ಯಾರು ಎಷ್ಟು ಕುಡಿದರು, ಹೇಗೆ ತೂರಾಡಿದರು ಎಂದು ಆಡಿಕೊಂಡರೆ? ಪರನಿಂದೆಯನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಕುರ್‌ಆನ್ ಹೋಲಿಸಿದೆ. ಮದ್ಯದ ಮೇಜಿನಿಂದ ಎದ್ದು ಬಂದವನು ಆ ಮಾಂಸದ ಮೇಜಿನಲ್ಲಿ ಕುಳಿತರೆ ಅವನು ಉಳಿಸಿಕೊಂಡದ್ದೇನು? ನಾವು ಕುಡಿಯುವುದಿಲ್ಲವೆಂಬ ಅಹಂಕಾರವೂ ಒಂದು ಅಮಲೇ. ನಿಷಿದ್ಧದಿಂದ ದೂರವಿರುವ ದೃಢತೆಯನ್ನೂ, ಮನುಷ್ಯರಿಗೆ ಹತ್ತಿರವಿರುವ ವಿನಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.