ಸೇತುವೆಯ ಮೇಲೊಂದು ಲೋಟ ದ್ರಾಕ್ಷಾರಸ



ನೀವು ಯಾರದೋ ಮನೆಗೆ ಊಟಕ್ಕೆ ಹೋಗಿದ್ದೀರಿ ಎಂದುಕೊಳ್ಳಿ. ಊಟ ರುಚಿಯಾಗಿದೆ, ಮನೆಯವರು ಸಜ್ಜನರು. ಅರ್ಧ ಊಟವಾಗಿರುವಾಗ ಪಕ್ಕದಲ್ಲಿ ಕುಳಿತವರು ಮೆಲ್ಲಗೆ ನಿಮ್ಮ ಕಿವಿಯಲ್ಲಿ ಹೇಳುತ್ತಾರೆ: ಈ ಮನೆ ನಿಂತಿರುವ ಜಾಗ ಇವರ ಮುತ್ತಜ್ಜ ನೆರೆಯವರಿಂದ ಕಿತ್ತುಕೊಂಡದ್ದು. ಈಗ ನೀವೇನು ಮಾಡುತ್ತೀರಿ? ಎಲೆ ಬಿಟ್ಟು ಏಳುತ್ತೀರಾ? ಅಥವಾ ಏನೂ ಕೇಳಿಸದವರಂತೆ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತೀರಾ?

ಈ ಪ್ರಶ್ನೆ ನನಗೆ ಎದುರಾದದ್ದು ಜರ್ಮನಿಯ ಒಂದು ಸೇತುವೆಯ ಮೇಲೆ. ನನ್ನ ಅಕ್ಕ ಆ ದೇಶದಲ್ಲಿ ಮೂವತ್ತು ವರ್ಷಗಳಿಂದ ದಾದಿಯಾಗಿದ್ದಾಳೆ. ಕಳೆದ ಸೆಪ್ಟೆಂಬರ್‌ನಲ್ಲಿ ಅವಳ ಮದುವೆಯ ರಜತ ಮಹೋತ್ಸವಕ್ಕೆಂದು ಮೈನ್ ನದಿಯಲ್ಲಿ ಕೆಲವು ದಿನಗಳ ಹಡಗಿನ ಪ್ರಯಾಣಕ್ಕೆ ನನ್ನನ್ನೂ ಕರೆದೊಯ್ದಳು. ಇಂಥ ಹಡಗುಗಳು ಒಂದೊಂದು ಊರಲ್ಲಿ ಅರ್ಧ ದಿನ ನಿಲ್ಲುತ್ತವೆ. ನಾವು ಇಳಿದ ಊರು ವ್ಯೂರ್ಟ್ಸ್‌ಬುರ್ಗ್. ಬೆಳಗ್ಗೆ ಒಂಬತ್ತಕ್ಕೆ ಇಳಿದು ಸಂಜೆ ಐದರೊಳಗೆ ಹಡಗಿಗೆ ಮರಳಬೇಕು ಎಂದು ಹೇಳಿದ್ದರು.

ಅದು ದ್ರಾಕ್ಷಾರಸದ ಊರು. ನದಿಯ ದಡದಿಂದ ತಲೆಯೆತ್ತಿದರೆ ಇಳಿಜಾರಿನ ತುಂಬ ಸಾಲುಸಾಲಾಗಿ ದ್ರಾಕ್ಷಿಬಳ್ಳಿ. ಅಲ್ಲಿಯ ಒಳ್ಳೆಯ ದ್ರಾಕ್ಷಾರಸವನ್ನು ತುಂಬುವ ಬಾಟಲಿಯೂ ಬೇರೆಯೇ, ಚಪ್ಪಟೆಯಾಗಿ ಹೊಟ್ಟೆ ಅಗಲವಾಗಿರುತ್ತದೆ. ಅದನ್ನು ಬೋಕ್ಸ್‌ಬೊಯ್ಟೆಲ್ ಎನ್ನುತ್ತಾರೆ. ಐರ್ಲೆಂಡಿನಿಂದ ಬಂದು ಅಲ್ಲಿ ಶುಭಸಂದೇಶ ಸಾರಿದ ಸಂತ ಕಿಲಿಯನ್ ಮತ್ತು ಅವರ ಇಬ್ಬರು ಸಂಗಡಿಗರು ಕ್ರಿ.ಶ. 689ರಲ್ಲಿ ರಕ್ತಸಾಕ್ಷಿಗಳಾದರೆಂದು ಧರ್ಮಸಭೆಯ ಪರಂಪರೆ ಹೇಳುತ್ತದೆ. ಮುಂದೆ ಶತಮಾನಗಳ ಕಾಲ ಆ ಊರನ್ನು ಆಳಿದವರು ಧರ್ಮಾಧ್ಯಕ್ಷರೇ. ಒಂದು ಕೈಯಲ್ಲಿ ಧರ್ಮದಂಡ, ಇನ್ನೊಂದರಲ್ಲಿ ಖಡ್ಗ. 1720ರಲ್ಲಿ ಕಟ್ಟತೊಡಗಿದ ಅವರ ಅರಮನೆ ‘ರೆಸಿಡೆನ್ಸ್’ನ ಮೆಟ್ಟಿಲಸಾಲೆಯ ಮೇಲ್ಛಾವಣಿಯಲ್ಲಿ ವೆನಿಸಿನ ಕಲಾವಿದ ಟಿಯೆಪೊಲೊ 1752-53ರಲ್ಲಿ ನಾಲ್ಕು ಖಂಡಗಳನ್ನು ಚಿತ್ರಿಸಿದ್ದಾರೆ. ನಮ್ಮ ಏಷ್ಯಾಕ್ಕೆ ಅಲ್ಲಿ ಒಂದು ಆನೆ ಸಿಕ್ಕಿದೆ. ಕತ್ತು ನೋಯುವವರೆಗೂ ನೋಡಿದೆವು.

ಅಲ್ಲಿಂದ ಮಾರ್ಗದರ್ಶಿ ನಮ್ಮನ್ನು ಮಾರುಕಟ್ಟೆಯ ಚೌಕಕ್ಕೆ ಕರೆತಂದರು. ಅಲ್ಲಿ ಮಾತೆ ಮರಿಯಳಿಗೆ ಅರ್ಪಿತವಾದ ಎತ್ತರದ ಗುಡಿಯೊಂದಿದೆ. ನಾನು ಶಿಲುಬೆಯ ಗುರುತು ಹಾಕಿ ಒಳಗೆ ಹೋಗುವಷ್ಟರಲ್ಲಿ ಅವರು ಶಾಂತವಾಗಿ ಹೇಳಿದರು: ಇಲ್ಲಿ ಮೊದಲು ಯೆಹೂದ್ಯರ ಪ್ರಾರ್ಥನಾಮಂದಿರವಿತ್ತು. 1349ರಲ್ಲಿ, ಪಿಡುಗಿನ ಭಯದ ಕಾಲದಲ್ಲಿ, ಬಾವಿಗಳಿಗೆ ವಿಷ ಹಾಕಿದರೆಂಬ ಸುಳ್ಳು ಅಪವಾದಕ್ಕೆ ಊರಿನ ಯೆಹೂದ್ಯರು ಬಲಿಯಾದರು. ಮಂದಿರ ನಾಶವಾಯಿತು. 1377ರಲ್ಲಿ ಅದೇ ಜಾಗದಲ್ಲಿ ಈ ಗುಡಿಯ ಕೆಲಸ ಆರಂಭವಾಯಿತು.

ನಾನು ಒಳಗೆ ಹೋಗಿ ಮೊಣಕಾಲೂರಿದೆ. ಜಪ ಮಾತ್ರ ಬಾಯಿಗೆ ಬರಲಿಲ್ಲ. ಯೆಹೂದ್ಯ ಸ್ತ್ರೀಯೇ ಆಗಿದ್ದ ನಮ್ಮ ತಾಯಿ ಮರಿಯಳ ಹೆಸರಿನಲ್ಲಿ ಆಕೆಯ ಜನರ ಬೂದಿಯ ಮೇಲೆ ಗುಡಿ ಕಟ್ಟಿದ್ದರು.

ಮಧ್ಯಾಹ್ನ ಹಳೆಯ ಕಲ್ಲಿನ ಸೇತುವೆಗೆ ಬಂದೆವು. ಎರಡೂ ಬದಿಗೆ ಸಂತರ ದೊಡ್ಡ ಪ್ರತಿಮೆಗಳು. ಅವುಗಳ ನಡುವೆ ಜನ ಲೋಟ ಹಿಡಿದು ನಿಂತು ಹರಟುವುದು ಆ ಊರಿನ ರೂಢಿ. ಭಾವ ಎಲ್ಲರಿಗೂ ಒಂದೊಂದು ಲೋಟ ಬಿಳಿ ದ್ರಾಕ್ಷಾರಸ ತಂದರು. ಅದು ಯೂಲಿಯುಸ್‌ಶ್ಪಿಟಾಲ್ ಎಂಬ ದತ್ತಿಸಂಸ್ಥೆಯ ತೋಟದ್ದು. ಅಲ್ಲೇ ಓದಿ ಬೆಳೆದ ಅಕ್ಕನ ಮಗಳು ಲೋಟವನ್ನು ತುಟಿಯವರೆಗೆ ಒಯ್ದು ನಿಲ್ಲಿಸಿದಳು.

“ಮಾಮ, ಆ ಆಸ್ಪತ್ರೆ ಕಟ್ಟಿದ್ದು ಯೆಹೂದ್ಯರ ಸಮಾಧಿಭೂಮಿಯ ಮೇಲೆ. ನಾವು ಇದನ್ನು ಕುಡೀಬಹುದಾ?”

ಅವಳು ಹೇಳಿದ್ದು ನಿಜ. 1576ರ ಮಾರ್ಚ್ 12ರಂದು ರಾಜ-ಧರ್ಮಾಧ್ಯಕ್ಷ ಯೂಲಿಯುಸ್ ಎಖ್ಟರ್ ಬಡವರಿಗೆ, ರೋಗಿಗಳಿಗೆ, ಅನಾಥರಿಗೆ ಎಂದು ಆ ಆಸ್ಪತ್ರೆಗೆ ಅಸ್ತಿಭಾರ ಹಾಕಿದರು. ಅದರ ಖರ್ಚಿಗಾಗಿ ಹೊಲ, ಕಾಡು, ದ್ರಾಕ್ಷಿತೋಟಗಳನ್ನು ಬರೆದುಕೊಟ್ಟರು. ಜಾಗಕ್ಕಾಗಿ ಯೆಹೂದ್ಯರ ಸಮಾಧಿಭೂಮಿಯನ್ನು ವಶಪಡಿಸಿಕೊಂಡರು. ಇಂದಿಗೂ ಆ ಸಂಸ್ಥೆಗೆ ಸುಮಾರು 180 ಹೆಕ್ಟೇರ್, ಅಂದರೆ ಸುಮಾರು 440 ಎಕರೆ ದ್ರಾಕ್ಷಿತೋಟವಿದೆ. ನಾಲ್ಕು ಶತಮಾನಗಳಿಗೂ ಮಿಕ್ಕಿ ರೋಗಿಗಳ ಆರೈಕೆ, ವೃದ್ಧರ ಪಾಲನೆ, ಸಾವಿನಂಚಿನಲ್ಲಿರುವವರ ಸೇವೆ ಆ ದತ್ತಿಯ ಹೆಸರಿನಲ್ಲಿ ನಡೆದು ಬಂದಿದೆ.

ಅಕ್ಕ ಗದರಿದಳು: “ಏನೇ ಇದು, ಹಬ್ಬದ ದಿನ! ನಾನೂರು ವರ್ಷದ ಹಿಂದಿನ ಮಾತು ಈಗ್ಯಾಕೆ?” ಮಗಳು ನನ್ನ ಮುಖ ನೋಡಿದಳು. ಸೆಮಿನರಿಯಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದವನು ಉತ್ತರಿಸಲೇಬೇಕಲ್ಲ!

ಓದುಗರೇ, ಅಕ್ಕನ ಮಾತನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ತಂದೆಯ ಪಾಪಕ್ಕೆ ಮಗನು ಅಪರಾಧಿಯಲ್ಲ ಎಂದು ಪ್ರವಾದಿ ಯೆಜೆಕಿಯೇಲರು ಸ್ಪಷ್ಟವಾಗಿ ಬೋಧಿಸಿದ್ದಾರೆ. ಪಾಪವೆಂಬುದು ನಮ್ಮ ಇಚ್ಛೆಯಿಂದ ಆಗುವಂಥದ್ದು. 1576ರಲ್ಲಿ ನಾನೂ ಇರಲಿಲ್ಲ, ಈ ದ್ರಾಕ್ಷಿ ಬಿಡಿಸಿದ ಕೂಲಿಯವರೂ ಇರಲಿಲ್ಲ. ಹಾಗಾದರೆ ಪ್ರಶ್ನೆ ಅಲ್ಲಿಗೇ ಮುಗಿಯಿತೇ?

ಇಲ್ಲ. ಏಕೆಂದರೆ ಅಪರಾಧ ಬೇರೆ, ಋಣ ಬೇರೆ. ಕಿತ್ತುಕೊಂಡದ್ದನ್ನು ಮರಳಿಸುವ ಕರ್ತವ್ಯದ ಬಗ್ಗೆ ಬರೆಯುವಾಗ ಸಂತ ತೋಮಸ್ ಅಕ್ವಿನಾಸರು ಎರಡು ಸಂಗತಿಗಳನ್ನು ಬಿಡಿಸಿ ನೋಡುತ್ತಾರೆ: ಒಂದು, ವಸ್ತುವನ್ನು ತೆಗೆದುಕೊಂಡ ಕೃತ್ಯ, ಇನ್ನೊಂದು, ತೆಗೆದುಕೊಂಡ ವಸ್ತು. ಕೃತ್ಯ ನನ್ನದಲ್ಲದಿದ್ದರೂ ಮತ್ತೊಬ್ಬರ ವಸ್ತು ನನ್ನ ಕೈಯಲ್ಲಿದ್ದರೆ, ಅದು ನನ್ನ ಕೈಯಲ್ಲಿದೆ ಎಂಬ ಕಾರಣಕ್ಕೇ ನಾನು ಬಾಧ್ಯನಾಗುತ್ತೇನೆ. ಅಪರಾಧವು ಪಿತ್ರಾರ್ಜಿತವಾಗಿ ಬರುವುದಿಲ್ಲ, ಲಾಭವೇನೋ ಬರುತ್ತದೆ. ಲಾಭವನ್ನು ಮಾತ್ರ ನನ್ನದು ಎನ್ನುತ್ತಾ ಅದರ ಕಥೆ ನನಗೆ ಸಂಬಂಧಿಸಿದ್ದಲ್ಲ ಎನ್ನುವುದು ನ್ಯಾಯವಲ್ಲ.

ಭಾವ ಇನ್ನೊಂದು ಮಾತು ಮುಂದಿಟ್ಟರು: “ಎಷ್ಟು ಬಡವರು ಅಲ್ಲಿ ಗುಣವಾಗಿರಬಹುದು, ಫಾದರ್! ಅದು ಲೆಕ್ಕಕ್ಕಿಲ್ಲವೇ?” ಲೆಕ್ಕಕ್ಕಿದೆ. ಆ ಊರಿನಿಂದ ಹರಿದ ಒಳಿತು ನಮ್ಮ ನಾಡನ್ನೂ ಬಲ್ಲದು. ಅಸ್ಸಾಮಿನಲ್ಲಿ ಧರ್ಮಪ್ರಚಾರಕರಾಗಿದ್ದ ಗುರುವೊಬ್ಬರು 1922ರಲ್ಲಿ ಅಲ್ಲಿಯೇ ಮಿಷನ್ ಪ್ರದೇಶಗಳಿಗೆ ವೈದ್ಯರನ್ನು ಸಿದ್ಧಪಡಿಸುವ ಸಂಸ್ಥೆಯನ್ನು ಆರಂಭಿಸಿದರು. ಒಬ್ಬ ರೋಗಿಯ ಗಾಯ ತೊಳೆದ ನೀರನ್ನೂ ದೇವರು ಮರೆಯುವುದಿಲ್ಲ. ಆದರೆ ರಾಮನ ಸಾಲವನ್ನು ಭೀಮನಿಗೆ ದಾನ ಕೊಟ್ಟು ತೀರಿಸಲಾಗುವುದಿಲ್ಲ. ಅರಸ ಅಹಾಬನು ನಾಬೋತನ ದ್ರಾಕ್ಷಿತೋಟವನ್ನು ಕಸಿದುಕೊಂಡ ಕಥೆ ನಿಮಗೆ ಗೊತ್ತು. ಆ ತೋಟದ ಹಣ್ಣನ್ನು ಅಹಾಬನು ಬಡವರಿಗೇ ಹಂಚಿದ್ದನೆಂದು ಊಹಿಸಿ. ಪ್ರವಾದಿ ಎಲೀಯನು ಆಗ ಸುಮ್ಮನಿರುತ್ತಿದ್ದನೇ? ಹಸಿದವರಿಗೆ ಹಣ್ಣು ಸಿಕ್ಕಿತು ನಿಜ. ನಾಬೋತನ ಮನೆಯವರಿಗೆ ಸಿಕ್ಕಿದ್ದೇನು? ಕರುಣೆಯು ನ್ಯಾಯದ ಜಾಗದಲ್ಲಿ ಕುಳಿತು ನ್ಯಾಯವನ್ನು ಹೊರಗಟ್ಟಬಾರದು.

“ಹಾಗಾದರೆ ಚೆಲ್ಲಿಬಿಡೋಣ” ಎಂದಳು ಹುಡುಗಿ. ಆ ವಯಸ್ಸಿಗೆ ಅದೇ ಚೆಂದ. ಆದರೆ ನದಿಗೆ ಚೆಲ್ಲಿದ ದ್ರಾಕ್ಷಾರಸದಿಂದ ಯಾರಿಗೆ ಏನು ಮರಳಿ ಸಿಕ್ಕೀತು? ನನ್ನ ಕೈ ಶುದ್ಧವಾಯಿತೆಂಬ ತೃಪ್ತಿ ನನಗೆ ಸಿಗುತ್ತದೆ, ಅಷ್ಟೇ. ಮಾತ್ರವಲ್ಲ, ಕಲೆಯಿಲ್ಲದ ನೆಲವನ್ನು ಹುಡುಕುತ್ತಾ ಹೋದರೆ ಕಾಲಿಡಲು ಭೂಮಿಯೇ ಉಳಿಯುವುದಿಲ್ಲ. ಪ್ರತಿದಿನ ಬಲಿಪೀಠದಲ್ಲಿ ನಾನು ಎತ್ತಿ ಹಿಡಿಯುವ ದ್ರಾಕ್ಷಾರಸವೂ ಮಣ್ಣಿನ ಫಲವೇ, ಮನುಷ್ಯರ ದುಡಿಮೆಯೇ. ಯಾರ ಮಣ್ಣು, ಯಾರ ದುಡಿಮೆ ಎಂದು ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಮತ್ತೇನು ದಾರಿ? ಸಮಬೆಲೆಯನ್ನು ಮರಳಿಸಲು ಆಗದಿದ್ದಾಗ ಆಗುವಷ್ಟನ್ನು ಮರಳಿಸಬೇಕು ಎಂದೂ ಸಂತ ತೋಮಸರೇ ಹೇಳುತ್ತಾರೆ. ಸತ್ತವರಿಗೆ ನಾವು ಕೊಡಬಹುದಾದದ್ದು ಏನು? ಮೊದಲನೆಯದಾಗಿ, ಸತ್ಯ. ಅವರಿಂದ ಕಿತ್ತುಕೊಂಡ ಹೆಸರು, ನೆನಪು.

ಆ ಊರು ಇದನ್ನು ತಡವಾಗಿಯಾದರೂ ಕಲಿತಿದೆ. 1987ರಲ್ಲಿ ಹಳೆಯ ಕಟ್ಟಡವೊಂದನ್ನು ಕೆಡವುವಾಗ ಅದರ ಗೋಡೆಗಳಿಂದ ಯೆಹೂದ್ಯರ ಸಮಾಧಿಕಲ್ಲುಗಳು ಹೊರಬಂದವು. ತುಂಡುಗಳೂ ಸೇರಿ ಸುಮಾರು 1,500. ಎಲ್ಲವೂ 12ನೆಯ ಶತಮಾನದಿಂದ 14ನೆಯ ಶತಮಾನದವರೆಗಿನವು. ಒಂದಾನೊಂದು ಕಾಲದಲ್ಲಿ ಕನ್ಯಾಮಠವೊಂದನ್ನು ಕಟ್ಟುವಾಗ ಅವನ್ನು ಬರೀ ಕಲ್ಲುಗಳಂತೆ ಬಳಸಿದ್ದರು. ಈಗ ಅವು 2006ರಲ್ಲಿ ತೆರೆದ ‘ಶಾಲೋಮ್ ಯೂರೋಪ’ ಎಂಬ ಯೆಹೂದ್ಯ ಕೇಂದ್ರದಲ್ಲಿವೆ. ರೈಲು ನಿಲ್ದಾಣದ ಮುಂದೆ 2020ರಲ್ಲಿ ಇನ್ನೊಂದು ಸ್ಮಾರಕ ಬಂತು. ಗಂಟೆ ನಾಲ್ಕಾಗುವುದರೊಳಗೆ ಅಲ್ಲಿಗೆ ಹೋಗಿ ಬರೋಣ ಎಂದೆ. ಲೋಟಗಳನ್ನು ಖಾಲಿ ಮಾಡಿದೆವು. ಹೌದು, ಕುಡಿದೆವು, ಮಾತಿಲ್ಲದೆ. ಮಂಡಿನೋವಿದ್ದರೂ ಅಕ್ಕ ಹಿಂದುಳಿಯಲಿಲ್ಲ.

ನಿಲ್ದಾಣದ ಎದುರು ಸೂಟ್‌ಕೇಸು, ಬೆನ್ನಚೀಲ, ಸುತ್ತಿದ ಕಂಬಳಿಗಳು ಬಿದ್ದಿವೆ. ಹತ್ತಿರ ಹೋದರೆ ಅವು ಕಲ್ಲು, ಮರ, ಲೋಹದವು. 1941ರಿಂದ 1944ರವರೆಗೆ ಆ ಸೀಮೆಯಿಂದ ಎರಡು ಸಾವಿರಕ್ಕೂ ಹೆಚ್ಚು ಯೆಹೂದ್ಯರನ್ನು ಪೂರ್ವದ ಸಾವಿನ ಶಿಬಿರಗಳತ್ತ ಸಾಗಿಸಿದರು. ಸುತ್ತಲಿನ ಒಂದೊಂದು ಊರೂ ತನ್ನ ಹೆಸರಿನಲ್ಲಿ ಇಲ್ಲೊಂದು ಗಂಟನ್ನು ಇಡುತ್ತದೆ. ಅದರ ಜೋಡಿಯನ್ನು ತನ್ನ ಊರಲ್ಲೇ ಇಟ್ಟುಕೊಳ್ಳುತ್ತದೆ. ಹೊತ್ತೊಯ್ಯಲು ಯಾರೂ ಬರುವುದಿಲ್ಲ. ಅಕ್ಕ ಒಂದು ಪುಟ್ಟ ಪೆಟ್ಟಿಗೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ನರ್ಸ್ ಆಗಲು ಹೊರಟಾಗ ಅವಳ ಕೈಯಲ್ಲಿದ್ದದ್ದೂ ಅಷ್ಟೇ ದೊಡ್ಡ ಪೆಟ್ಟಿಗೆ.

ಆ ಊರಿಗೆ ತನ್ನದೇ ಗಾಯವೂ ಇದೆ. 1945ರ ಮಾರ್ಚ್ 16ರ ರಾತ್ರಿ ಬ್ರಿಟಿಷ್ ವಿಮಾನಗಳು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಹಳೆಯ ಊರಿನ ಹತ್ತರಲ್ಲಿ ಒಂಬತ್ತು ಪಾಲನ್ನು ಸುಟ್ಟವು. ಸುಮಾರು 5,000 ಜನ ಸತ್ತರು. ನಾವು ಬೆಳಗ್ಗೆ ಮೆಚ್ಚಿದ ಬೀದಿಗಳಲ್ಲಿ ಹೆಚ್ಚಿನವು ಮತ್ತೆ ಕಟ್ಟಿದವು. ಪ್ರತಿ ವರ್ಷ ಆ ರಾತ್ರಿ ಗಂಟೆಗಳು ಮೊಳಗುತ್ತವೆ. ಸ್ವಂತ ಗಾಯವನ್ನು ನೆನೆಯುವುದು ಎಲ್ಲರಿಗೂ ಸುಲಭ. ತಾನು ಮಾಡಿದ ಗಾಯವನ್ನು ರೈಲು ನಿಲ್ದಾಣದ ಬಾಗಿಲಲ್ಲೇ ಇಟ್ಟು ದಿನವೂ ನೋಡುವುದು ಕಷ್ಟ. ಎರಡನ್ನೂ ನೆನೆಯುವ ಊರು ನಮಗೆ ಪಾಠ.

ಧರ್ಮಸಭೆಯೂ ಹಾಗೆ ನೆನೆದದ್ದುಂಟು. 2000ದ ಮಾರ್ಚ್ 12ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಸಂತ ಪೇತ್ರರ ಮಹಾದೇವಾಲಯದಲ್ಲಿ ಧರ್ಮಸಭೆಯ ಮಕ್ಕಳ ಪಾಪಗಳಿಗಾಗಿ, ಇಸ್ರಯೇಲರ ವಿರುದ್ಧ ಎಸಗಿದ ಪಾಪಗಳಿಗಾಗಿಯೂ, ದೇವರಲ್ಲಿ ಕ್ಷಮೆ ಬೇಡಿದರು. ಆ ಆಸ್ಪತ್ರೆಯ ಅಸ್ತಿಭಾರವೂ ಒಂದು ಮಾರ್ಚ್ 12ರಂದೇ ಬಿದ್ದಿತ್ತು. ಕಾಕತಾಳೀಯವೇ ಇರಬಹುದು, ನನಗೆ ಮಾತ್ರ ಮರೆಯಲಾಗುತ್ತಿಲ್ಲ.

ಹಡಗಿಗೆ ಮರಳುವ ದಾರಿಯಲ್ಲಿ ಅಕ್ಕ ಕೇಳಿದಳು: “ನಮ್ಮ ಕೆಳಗಿನ ತೆಂಗಿನ ತೋಟ ನೆನಪಿದೆಯಾ ನಿನಗೆ?”

ನೆನಪಿತ್ತು. ನಮ್ಮ ಅಜ್ಜನ ಕಾಲದಲ್ಲಿ ನೆರೆಯವರು ಬರಗಾಲದಲ್ಲಿ ಆ ತೋಟವನ್ನು ಭೋಗ್ಯಕ್ಕೆ ಹಾಕಿದ್ದರು. ಹಣ ಹೊಂದಿಸಿಕೊಂಡು ಬಂದಾಗ ವಾಯಿದೆ ಮೀರಿತೆಂದು ಅಜ್ಜ ಬಿಟ್ಟುಕೊಡಲಿಲ್ಲ. ಆಮೇಲೆ ಅರ್ಧ ಬೆಲೆಗೆ ಕ್ರಯ ಮಾಡಿಸಿಕೊಂಡರು. ಕಾಗದಪತ್ರ ಎಲ್ಲ ಸರಿಯಾಗಿಯೇ ಇವೆ. ಆ ತೋಟದ ಕಾಯಿ ಮಾರಿದ ಹಣದಲ್ಲಿ ಅಕ್ಕನ ನರ್ಸಿಂಗ್ ಓದು, ನನ್ನ ಸೆಮಿನರಿಯ ಖರ್ಚು ನಡೆದವು. ನನ್ನ ಗುರುದೀಕ್ಷೆಯ ದಿನ ಆ ಮನೆಯ ಮುದುಕಿ ಬಂದು ನನ್ನ ಕೈಗೆ ಮುತ್ತಿಟ್ಟು ಹೋದರು. ಆಗ ನಾನು ಅದರ ಬಗ್ಗೆ ಯೋಚಿಸಲೂ ಇಲ್ಲ. ಬೇರೆ ದೇಶದ ಧರ್ಮಾಧ್ಯಕ್ಷರ ಬಗ್ಗೆ ಸೇತುವೆಯ ಮೇಲೆ ನಿಂತು ತೀರ್ಪು ಹೇಳಿದವನು, ನನ್ನ ಮನೆಯ ಬೇಲಿಯ ಹತ್ತಿರ ಒಮ್ಮೆಯೂ ನಿಂತಿರಲಿಲ್ಲ.

ಊರಿಗೆ ಬಂದ ಮೇಲೆ ಆ ಮನೆಗೆ ಹೋದೆ. ಮುದುಕಿ ತೀರಿಕೊಂಡಿದ್ದಾರೆ. ಮೊಮ್ಮಗ ಚಹಾ ಕೊಟ್ಟು, “ಅದೆಲ್ಲ ಹಳೆಯ ಕಥೆ, ಸ್ವಾಮಿ” ಎಂದ. ಹಾಗೆ ಹೇಳುವ ಹಕ್ಕು ಅವನಿಗಿದೆ, ನಮಗಿಲ್ಲ. ಅಣ್ಣತಮ್ಮಂದಿರೊಡನೆ ಮಾತುಕತೆ ನಡೆಯುತ್ತಿದೆ, ಎಲ್ಲರೂ ಒಪ್ಪಿಲ್ಲ. ಅದು ಎಲ್ಲಿಗೆ ಮುಟ್ಟುತ್ತದೋ ಇಂದು ಹೇಳಲಾರೆ. ಜಕ್ಕಾಯನು ಒಂದೇ ಊಟದ ಹೊತ್ತಿಗೆ ನಾಲ್ಕು ಪಟ್ಟು ಕೊಡಲು ಎದ್ದುನಿಂತ. ನಮಗೆ ಒಂದು ಪಟ್ಟಿಗೇ ಇಷ್ಟು ಸಮಯ ಬೇಕಾಗಿದೆ.

ಓದುಗರೇ, ಈ ಭಾನುವಾರ ಮನೆಮಂದಿಯೆಲ್ಲ ಊಟಕ್ಕೆ ಕುಳಿತಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಎಲೆಯಲ್ಲಿರುವುದು ಎಲ್ಲಿಂದ ಬಂತು? ಊಟ ಬಿಟ್ಟು ಏಳಬೇಡಿ. ಕೃತಜ್ಞತೆಯಿಂದ ಉಣ್ಣಿ. ಉಂಡ ಮೇಲೆ ಕೈ ತೊಳೆದು, ಯಾರ ಮನೆಗೆ ಹೋಗಬೇಕಾಗಿದೆಯೋ ಆ ಮನೆಯ ಕಡೆಗೆ ಹೊರಡಿ. ದೇವರು ನಿಮ್ಮ ಜೊತೆಗಿರಲಿ.