ಕಾಲ ನೋಡಿ ಹೊರಡುವುದು: ಕ್ಯೋಟೊ ನಗರದ ಋತುಗಳೂ ಪ್ರಯಾಣಿಕನ ಗಂಟೂ

ದೂರದ ಊರಿಗೆ ಹೊರಟವರು ಮೊದಲು ಕೇಳುವ ಎರಡು ಪ್ರಶ್ನೆಗಳು, ಯಾವಾಗ ಹೋದರೆ ಚೆನ್ನ ಮತ್ತು ಏನನ್ನು ಕಟ್ಟಿಕೊಂಡು ಹೋಗಬೇಕು ಎಂಬವು. ಇವು ಬರಿಯ ಅನುಕೂಲದ ಪ್ರಶ್ನೆಗಳು, ಇವುಗಳಿಗೂ ತತ್ತ್ವಚಿಂತನೆಗೂ ಸಂಬಂಧವಿಲ್ಲ ಎಂದು ತೋರುವುದು ಸಹಜ. ಆದರೆ ಬೌದ್ಧ ಸಂಘದ ನಡವಳಿಕೆಯನ್ನು ನಿಯಮಿಸಿದ ವಿನಯ ಪಿಟಕದಲ್ಲಿ ಈ ಎರಡೂ ಪ್ರಶ್ನೆಗಳು ಧರ್ಮದ ಪ್ರಶ್ನೆಗಳಾಗಿಯೇ ಬಂದಿವೆ. ಅಲ್ಲಿ ದೊರೆತ ಉತ್ತರಗಳು ಚೀನಾವನ್ನು ಹಾದು ಜಪಾನಿನವರೆಗೂ ಪ್ರಯಾಣ ಮಾಡಿವೆ. ಆ ಉತ್ತರಗಳನ್ನು ಒರೆಹಚ್ಚಿ ನೋಡಲು ಕ್ಯೋಟೊ ನಗರಕ್ಕಿಂತ ತಕ್ಕ ನೆಲೆ ಸಿಗುವುದು ಕಷ್ಟ. ಏಕೆಂದರೆ ನಾಲ್ಕು ಋತುಗಳನ್ನು ಅಷ್ಟು ಸ್ಪಷ್ಟವಾಗಿ ಅನುಭವಿಸುವ, ಅನುಭವಿಸಿದ್ದನ್ನು ಸಾವಿರ ವರ್ಷಕ್ಕೂ ಮಿಕ್ಕಿ ಬರೆದಿಟ್ಟುಕೊಂಡಿರುವ ನಗರಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

794ರಲ್ಲಿ ಹೆಯಾನ್-ಕ್ಯೋ ಎಂಬ ಹೆಸರಿನಿಂದ ರಾಜಧಾನಿಯಾಗಿ ಸ್ಥಾಪಿತವಾದ ಈ ನಗರ, ಮೂರು ಕಡೆ ಬೆಟ್ಟಗಳಿಂದ ಸುತ್ತುವರಿದ ತಗ್ಗಿನಲ್ಲಿದೆ. ಗಾಳಿ ಸಲೀಸಾಗಿ ಆಡದ ಕಾರಣ ಬೇಸಿಗೆಯ ಸೆಕೆ ಅಲ್ಲಿಯೇ ನಿಲ್ಲುತ್ತದೆ, ಚಳಿಗಾಲದ ಶೀತ ನೆಲದಿಂದಲೇ ಏರಿ ಬರುವಂತಿರುತ್ತದೆ. ಜನವರಿಯ ಸರಾಸರಿ ಉಷ್ಣಾಂಶ ಸುಮಾರು 5 ಡಿಗ್ರಿ ಸೆಲ್ಸಿಯಸ್ ಆದರೆ ಆಗಸ್ಟ್ ತಿಂಗಳಿನದು ಸುಮಾರು 28 ಡಿಗ್ರಿ, ಆ ತಿಂಗಳ ಹಗಲುಗಳು 35ನ್ನು ದಾಟುವುದು ಅಪರೂಪವಲ್ಲ. ಜೂನ್ ಮೊದಲ ಭಾಗದಿಂದ ಜುಲೈ ನಡುವಿನವರೆಗೆ ತ್ಸುಯು ಎಂಬ ಮಳೆಗಾಲ, ಅದರ ಬಳಿಕ ಉರಿಬಿಸಿಲು, ಸೆಪ್ಟೆಂಬರ್ ಸುತ್ತಮುತ್ತ ಚಂಡಮಾರುತಗಳು, ನವೆಂಬರ್ ಕೊನೆಯಲ್ಲಿ ಮೇಪಲ್ ಎಲೆಗಳ ಕೆಂಪು. ಭಾರತೀಯರಿಗೆ ಋತುಗಳು ಆರು. ವಸಂತ, ಗ್ರೀಷ್ಮ, ಶರತ್ತು, ಹೇಮಂತಗಳ ಜೊತೆ ವರ್ಷವನ್ನೂ ಶಿಶಿರವನ್ನೂ ಪ್ರತ್ಯೇಕವಾಗಿ ಎಣಿಸುವ ನಮ್ಮ ರೂಢಿಯ ಕಣ್ಣಿಗೆ ಕ್ಯೋಟೊದ ಮಳೆಗಾಲವನ್ನು ಬೇಸಿಗೆಯೊಳಗೆ ಅಡಗಿಸಿಟ್ಟಿರುವುದು ಸ್ವಲ್ಪ ಅನ್ಯಾಯವಾಗಿಯೇ ಕಾಣುತ್ತದೆ.

ಅನ್ಯಾಯ ಅಲ್ಲಿಗೇ ನಿಲ್ಲುವುದಿಲ್ಲ. ಸುಮಾರು 905ರಲ್ಲಿ ಚಕ್ರವರ್ತಿಯ ಅಪ್ಪಣೆಯಂತೆ ಸಂಕಲನಗೊಂಡ ಕೊಕಿನ್ ವಾಕಾಶೂ ಎಂಬ ಕವಿತಾ ಸಂಗ್ರಹದ ಇಪ್ಪತ್ತು ಭಾಗಗಳಲ್ಲಿ ಮೊದಲ ಆರು ಋತುಗಳಿಗೆ ಮೀಸಲಾಗಿದ್ದು, ಅವುಗಳಲ್ಲಿ ವಸಂತಕ್ಕೆ ಎರಡು, ಶರತ್ತಿಗೆ ಎರಡು, ಬೇಸಿಗೆಗೆ ಮತ್ತು ಚಳಿಗಾಲಕ್ಕೆ ಒಂದೊಂದು ಭಾಗ ಮಾತ್ರ ದೊರೆತಿವೆ. ಇಂದಿನ ಪ್ರವಾಸಿ ಕೈಪಿಡಿಗಳು ಏಪ್ರಿಲ್ ಮತ್ತು ನವೆಂಬರ್ ತಿಂಗಳುಗಳನ್ನು ಮಾತ್ರ ಹೊಗಳುವುದರ ಹಿಂದೆ ಬರೀ ವ್ಯಾಪಾರವಿಲ್ಲ, ಸಾವಿರದ ನೂರು ವರ್ಷಗಳ ಅಭಿರುಚಿಯ ಪಕ್ಷಪಾತವೂ ಇದೆ. ಇದಕ್ಕೆ ಪ್ರತಿಯಾಗಿ, ಆ ಸಂಗ್ರಹ ಬಂದ ಸುಮಾರು ನೂರು ವರ್ಷಗಳಲ್ಲಿ ಅದೇ ಅರಮನೆಯ ಸೇವೆಯಲ್ಲಿದ್ದ ಸೇಯ್ ಶೋನಾಗೊನ್ ಎಂಬ ಲೇಖಕಿ ತನ್ನ ಟಿಪ್ಪಣಿಗಳ ಪುಸ್ತಕವನ್ನು ಆರಂಭಿಸುವಾಗ, ನಾಲ್ಕು ಋತುಗಳಿಗೂ ಸಮಾನ ಗೌರವ ಕೊಟ್ಟು, ಒಂದೊಂದಕ್ಕೂ ದಿನದ ಒಂದೊಂದು ಹೊತ್ತನ್ನು ಜೋಡಿಸಿದಳು: ವಸಂತಕ್ಕೆ ಮುಂಜಾವು, ಬೇಸಿಗೆಗೆ ರಾತ್ರಿ, ಶರತ್ತಿಗೆ ಸಂಜೆ, ಚಳಿಗಾಲಕ್ಕೆ ಬೆಳಗಿನ ಮೊದಲ ಜಾವ. ಅವಳ ಲೆಕ್ಕದಲ್ಲಿ ಒಳ್ಳೆಯ ಋತು, ಕೆಟ್ಟ ಋತು ಎಂಬುದಿಲ್ಲ. ಋತುವಿಗೆ ಒದಗುವ ಹೊತ್ತನ್ನು ಅರಿಯದ ನೋಡುಗ ಮಾತ್ರ ಇದ್ದಾನೆ.

ಆದರೂ ಜನ ಹೂವಿನ ವಾರಕ್ಕೇ ಕಾಯುತ್ತಾರೆ. ಆ ವಾರ ಯಾವುದು ಎಂಬುದನ್ನು ಕ್ಯೋಟೊದಷ್ಟು ದೀರ್ಘವಾಗಿ ದಾಖಲಿಸಿದ ಊರು ಬೇರೊಂದಿಲ್ಲ. ಅರಮನೆಯ ಹಾಗೂ ದೇಗುಲಗಳ ದಿನಚರಿಗಳಲ್ಲಿ ಹೂಕೂಟಗಳ ತಾರೀಕನ್ನು ಹುಡುಕಿ ತೆಗೆದು ಯಾಸುಯುಕಿ ಅಓನೊ ಎಂಬ ವಿಜ್ಞಾನಿ 812ರಿಂದ ಈಚಿನ ಸಕುರಾ ಹೂಗಳ ತುಂಬು ಅರಳಿನ ದಿನಗಳ ಪಟ್ಟಿಯೊಂದನ್ನು ಕಟ್ಟಿದರು. ಶತಮಾನಗಳ ಕಾಲ ಏಪ್ರಿಲ್ ಮಧ್ಯದ ಆಸುಪಾಸಿನಲ್ಲಿದ್ದ ಆ ದಿನ ಕಳೆದ ನೂರೈವತ್ತು ವರ್ಷಗಳಲ್ಲಿ ಹಿಂದಕ್ಕೆ ಸರಿಯುತ್ತ ಬಂದು, 2021ರಲ್ಲಿ ಮಾರ್ಚ್ 26ಕ್ಕೆ ಬಿತ್ತು. ಅಲ್ಲಿಯವರೆಗೆ ಆ ಪಟ್ಟಿಯಲ್ಲಿ ಅದಕ್ಕಿಂತ ಮುಂಚಿನ ತಾರೀಕು ಇರಲಿಲ್ಲ. ವಿಮಾನದ ಟಿಕೆಟ್ಟನ್ನು ಆರು ತಿಂಗಳ ಮೊದಲೇ ಕೊಂಡವನಿಗೆ ಹೂವು ತನ್ನ ಮಾತನ್ನು ಕೊಟ್ಟಿರುವುದಿಲ್ಲ. ಭೂಮಿಯ ಬಿಸಿ ಏರಿದಂತೆ, ನಗರದ ಕಾಂಕ್ರೀಟು ಹೆಚ್ಚಿದಂತೆ ಆ ಅನಿಶ್ಚಯ ಇನ್ನೂ ಬೆಳೆಯುತ್ತಿದೆ.

ಹೂವು ತಪ್ಪಿದರೆ ಯಾತ್ರೆಯೇ ತಪ್ಪಿತೇ? ಈ ಪ್ರಶ್ನೆಯನ್ನು ಕ್ಯೋಟೊದ ಕವಿ, ಸನ್ಯಾಸಿ ಯೋಶಿದಾ ಕೆಂಕೊ ಸುಮಾರು 1330ರಲ್ಲಿ ರಚಿಸಿದ ತ್ಸುರೆಜುರೆಗುಸ ಎಂಬ ಪ್ರಬಂಧಮಾಲೆಯ 137ನೆಯ ತುಣುಕಿನಲ್ಲಿ ನೇರವಾಗಿ ಎತ್ತಿಕೊಂಡಿದ್ದಾನೆ. ಹೂವನ್ನು ಪೂರ್ಣವಾಗಿ ಅರಳಿದಾಗ ಮಾತ್ರ, ಚಂದ್ರನನ್ನು ಮೋಡವಿಲ್ಲದಾಗ ಮಾತ್ರ ನೋಡಬೇಕೆಂಬ ಹಟ ಅರಸಿಕರದು. ಅರಳಲಿರುವ ಕೊಂಬೆ, ಉದುರಿದ ಎಸಳು ಹರಡಿದ ತೋಟ, ಮಳೆಯ ಹಿಂದೆ ಅವಿತ ಚಂದ್ರನಿಗಾಗಿ ಹಂಬಲಿಸುವ ಮನಸ್ಸು ಇವೇ ಹೆಚ್ಚು ನೋಡತಕ್ಕವು ಎಂಬುದು ಅವನ ವಾದದ ಸಾರ. ಇದರ ಬೇರು ಬೌದ್ಧರ ಅನಿತ್ಯತೆಯ ತತ್ತ್ವದಲ್ಲಿದೆ. ಉಂಟಾದದ್ದೆಲ್ಲ ಅಳಿಯುವಂಥದು ಎಂಬ ಅರಿವು, ಅಳಿವನ್ನು ಸೌಂದರ್ಯದ ಕೊರತೆಯೆಂದು ಎಣಿಸದೆ ಅದರ ತಿರುಳೆಂದೇ ಕಾಣುತ್ತದೆ.

ಕೆಂಕೊನ ಮಾತಿಗೆ ನಾಲ್ಕು ಶತಮಾನಗಳ ನಂತರ ಬಂದ ಆಕ್ಷೇಪ ಅಷ್ಟೇ ಬಲವಾದದ್ದು. ಕ್ಯೋಟೊದಲ್ಲಿ ವೈದ್ಯವನ್ನು ಕಲಿತು, ತನ್ನ ಊರು ಮಾತ್ಸುಸಾಕಾದಲ್ಲಿ ವೈದ್ಯನಾಗಿದ್ದುಕೊಂಡೇ ಜಪಾನಿನ ಪ್ರಾಚೀನ ಗ್ರಂಥಗಳನ್ನು ವ್ಯಾಖ್ಯಾನಿಸಿದ ಮೊತೊಓರಿ ನೊರಿನಾಗ (1730–1801), ಕೆಂಕೊನದು ಕೃತಕ ರಸಿಕತೆ, ಮನುಷ್ಯನ ಎದೆಗೆ ಎದುರಾಗಿ ಕಟ್ಟಿದ ಸೋಗು ಎಂದು ಟೀಕಿಸಿದನು. ಹೂವು ತುಂಬಿ ಅರಳಲಿ, ಗಾಳಿ ಬೀಸದಿರಲಿ, ಚಂದ್ರನಿಗೆ ಮೋಡ ಅಡ್ಡ ಬಾರದಿರಲಿ ಎಂದು ಬಯಸುವುದೇ ಸಹಜ. ಆ ಬಯಕೆ ಈಡೇರದಾಗ ಹುಟ್ಟುವ ನೋವೂ ಸಹಜ. ಹಳೆಯ ಕವಿಗಳು ಅಳುವುದು ಈ ಕಾರಣಕ್ಕೇ ಹೊರತು ಉದುರುವುದನ್ನು ಮೆಚ್ಚಿಕೊಂಡಲ್ಲ. ವಸ್ತುಗಳು ಎದೆಯನ್ನು ಮುಟ್ಟಿದಾಗ ಏಳುವ ಮಿಡಿತಕ್ಕೆ ಮೊನೊ ನೊ ಅವಾರೆ ಎಂಬ ಹೆಸರನ್ನು ಸಾಹಿತ್ಯತತ್ತ್ವವಾಗಿ ಬೆಳೆಸಿದವನು ಇದೇ ನೊರಿನಾಗ ಎಂಬುದನ್ನು ನೆನೆದರೆ, ಇಂದು ಆ ಹೆಸರನ್ನೇ ಕೆಂಕೊನ ಧೋರಣೆಗೆ ಅಂಟಿಸಿ ಮಾತಾಡುವವರು ಎಷ್ಟು ಅವಸರದಲ್ಲಿದ್ದಾರೆ ಎಂಬುದು ಗೊತ್ತಾಗುತ್ತದೆ. ಬಯಕೆಯ ವಿಷಯದಲ್ಲಿ ನೊರಿನಾಗನ ಮಾತೇ ಸರಿ ಎನ್ನಬೇಕು. ಜೀವಮಾನದಲ್ಲಿ ಒಮ್ಮೆ ಅಷ್ಟು ದೂರ ಹೋಗುವವನು ಹೂವಿನ ದಿನಕ್ಕೆ ಆಸೆಪಟ್ಟರೆ ಅವನನ್ನು ಅರಸಿಕನೆಂದು ಜರೆಯುವುದು, ಅದೇ ಊರಿನಲ್ಲಿ ಕುಳಿತು ವರ್ಷವರ್ಷವೂ ಹೂ ಕಂಡವನ ಜಂಬ.

ಇಬ್ಬರ ಜಗಳದಲ್ಲೂ ಒಂದು ಊಹೆ ಸಮಾನವಾಗಿದೆ: ಕಾಲವು ಹರಿದುಹೋಗುವಂಥದು, ನೋಡುಗ ದಡದಲ್ಲಿ ನಿಂತವನು. ಭಾರತೀಯ ದರ್ಶನಗಳಲ್ಲಿ ವೈಶೇಷಿಕರು ಕಾಲವನ್ನು ಒಂಬತ್ತು ದ್ರವ್ಯಗಳಲ್ಲಿ ಒಂದೆಂದೂ, ಅದು ಏಕ, ನಿತ್ಯ, ಸರ್ವವ್ಯಾಪಿ ಎಂದೂ ಹೇಳಿ, ಸೂರ್ಯನ ಚಲನೆ ಮೊದಲಾದ ಉಪಾಧಿಗಳಿಂದ, ಅಂದರೆ ಹೊರಗಿನಿಂದ ಬಂದು ಸೇರಿದ ನಿಮಿತ್ತಗಳಿಂದ, ಅದರಲ್ಲಿ ಕ್ಷಣ, ದಿನ, ಋತುಗಳ ಭೇದ ತೋರುತ್ತದೆಂದು ವಿವರಿಸಿದರು. ಬೌದ್ಧ ದಾರ್ಶನಿಕ ನಾಗಾರ್ಜುನನಾದರೋ ಮೂಲಮಧ್ಯಮಕಕಾರಿಕೆಯ ಹತ್ತೊಂಬತ್ತನೆಯ ಪ್ರಕರಣದಲ್ಲಿ, ವಸ್ತುಗಳನ್ನು ಅವಲಂಬಿಸದೆ ಕಾಲವೆಂಬುದು ಬೇರೆ ಇರಲಾರದೆಂದು ಆ ದ್ರವ್ಯವನ್ನೇ ಒಡೆದನು. ಕ್ಯೋಟೊದಲ್ಲಿ ಹುಟ್ಟಿದ ಜೆನ್ ಗುರು ದೋಗೆನ್ (1200–1253) ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಅವನ ಶೋಬೋಗೆಂಜೊ ಗ್ರಂಥದ ಉಜಿ ಎಂಬ ಪ್ರಕರಣದ ಪ್ರಕಾರ ಇರುವುದೆಲ್ಲವೂ ಕಾಲವೇ; ಪೈನ್ ಮರವೂ ಕಾಲ, ಬಿದಿರೂ ಕಾಲ, ನೋಡುವವನೂ ಕಾಲ. ಚಳಿಗಾಲವೇ ವಸಂತವಾಗಿ ಮಾರ್ಪಡುತ್ತದೆ ಎಂಬುದನ್ನು ಅವನು ಒಪ್ಪುವುದಿಲ್ಲ. ಚಳಿಗಾಲ ತನ್ನ ಸ್ಥಾನದಲ್ಲಿ ಸಂಪೂರ್ಣ, ವಸಂತ ತನ್ನ ಸ್ಥಾನದಲ್ಲಿ ಸಂಪೂರ್ಣ. ಹಾಗಿದ್ದರೆ ಜನವರಿಯ ಬೋಳು ಕೊಂಬೆಯ ಮುಂದೆ ನಿಂತು ಏಪ್ರಿಲ್ ತಪ್ಪಿತೆಂದು ಕೊರಗುವವನು, ಏಪ್ರಿಲನ್ನು ಕಳೆದುಕೊಂಡದ್ದಲ್ಲದೆ ಜನವರಿಯನ್ನೂ ಕಾಣದವನಾಗುತ್ತಾನೆ.

ದೋಗೆನ್‌ನ ಮಾತು ಆಳವಾದದ್ದಾದರೂ ಟಿಕೆಟ್ ಕೊಳ್ಳುವವನಿಗೆ ಅದರಿಂದ ದಾರಿ ಸಿಗುವುದಿಲ್ಲ. ಎಲ್ಲ ಋತುವೂ ಪೂರ್ಣವಾದರೆ ಯಾವುದನ್ನಾದರೂ ಆರಿಸಬಹುದು, ಆರಿಸದೆಯೂ ಇರಬಹುದು. ಇಲ್ಲಿ ನೆರವಿಗೆ ಬರುವುದು ವಿನಯದ ಹಳೆಯ, ಅಷ್ಟೇನೂ ಕಾವ್ಯಮಯವಲ್ಲದ ನಿಯಮ. ಮಳೆಗಾಲದಲ್ಲಿಯೂ ಭಿಕ್ಷುಗಳು ಊರೂರು ಅಲೆಯುತ್ತಾ ಹಸುರನ್ನು ತುಳಿದು ಸಣ್ಣ ಜೀವಿಗಳನ್ನು ಕೊಲ್ಲುತ್ತಾರೆಂದು ಜನ ದೂರಿದಾಗ, ಬುದ್ಧನು ಮೂರು ತಿಂಗಳು ಒಂದೇ ಕಡೆ ನೆಲೆಸುವ ವರ್ಷಾವಾಸವನ್ನು ವಿಧಿಸಿದನೆಂದು ವಿನಯದ ಮಹಾವಗ್ಗ ಎಂಬ ಭಾಗ ಹೇಳುತ್ತದೆ. ಕನ್ನಡ ನಾಡಿನ ಮಠಗಳಲ್ಲಿಯೂ ಜೈನ ಮುನಿಗಳಲ್ಲಿಯೂ ನಡೆದು ಬಂದಿರುವ ಚಾತುರ್ಮಾಸ್ಯ ಇದರ ಒಡಹುಟ್ಟು. ಜಪಾನಿನ ಜೆನ್ ಮಠಗಳು ಆಚರಿಸುವ ಆಂಗೊ ಎಂಬ ಮೂರು ತಿಂಗಳ ವಾಸ ಇದರ ನೇರ ವಾರಸು. ಈ ನಿಯಮದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಯಾವ ಕಾಲ ಪ್ರಯಾಣಿಕನಿಗೆ ಹಿತ ಎಂದು ಅಲ್ಲಿ ಯಾರೂ ಕೇಳಲಿಲ್ಲ; ಯಾವ ಕಾಲದಲ್ಲಿ ಪ್ರಯಾಣಿಕನ ಕಾಲು ನೆಲಕ್ಕೆ ಭಾರವಾಗುತ್ತದೆ ಎಂದು ಕೇಳಿದರು.

ಇದೇ ಅಳತೆಗೋಲನ್ನು ಕ್ಯೋಟೊಗೆ ಹಿಡಿದರೆ ಚಿತ್ರ ತಲೆಕೆಳಗಾಗುತ್ತದೆ. ಹೂವಿನ ವಾರದಲ್ಲಿ ಮತ್ತು ಕೆಂಪೆಲೆಯ ವಾರದಲ್ಲಿ ನಗರದ ಬಸ್ಸುಗಳು ಪ್ರವಾಸಿಗಳಿಂದ ತುಂಬಿ, ಆಸ್ಪತ್ರೆಗೋ ಸಂತೆಗೋ ಹೊರಟ ಸ್ಥಳೀಯ ಮುದುಕರು ಹತ್ತಲಾಗದೆ ನಿಲ್ಲುತ್ತಾರೆ. ಗಿಯೊನ್ ಬಡಾವಣೆಯ ಖಾಸಗಿ ಓಣಿಗಳಿಗೆ ಪ್ರವಾಸಿಗಳು ಬರಕೂಡದೆಂದು ನಿವಾಸಿಗಳು ಫಲಕ ಹಾಕಿದ್ದಾರೆ. ಇತ್ತ ಕೈಪಿಡಿಗಳು ತಪ್ಪಿಸಿರೆನ್ನುವ ಜುಲೈ, ಆಗಸ್ಟ್ ತಿಂಗಳುಗಳೇ ಊರಿನ ಧಾರ್ಮಿಕ ಬದುಕಿನ ನಡುಬಿಂದು. 869ರಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ, ಅತೃಪ್ತ ಆತ್ಮಗಳನ್ನು ಶಾಂತಗೊಳಿಸಲು ನಾಡಿನ ಪ್ರಾಂತಗಳ ಲೆಕ್ಕಕ್ಕೆ 66 ಈಟಿಗಳನ್ನು ನೆಟ್ಟು ನಡೆಸಿದ ಪೂಜೆಯಿಂದ ಗಿಯೊನ್ ಉತ್ಸವ ಬೆಳೆಯಿತೆಂದು ಪರಂಪರೆ ಹೇಳುತ್ತದೆ. ತೇರುಗಳ ಮೆರವಣಿಗೆ ಇಂದು ಜುಲೈ 17 ಮತ್ತು 24ರಂದು ನಡೆಯುತ್ತದೆ. ಆ ಉತ್ಸವ ನಡೆಸುವ ದೇಗುಲಕ್ಕೆ ಹಿಂದೆ ಇದ್ದ ಗಿಯೊನ್ ಎಂಬ ಹೆಸರು ಶ್ರಾವಸ್ತಿಯ ಜೇತವನದಿಂದ ಬಂದದ್ದು. ಬುದ್ಧನು ಅನೇಕ ವರ್ಷಾವಾಸಗಳನ್ನು ಕಳೆದ ತೋಟವದು. ಆಗಸ್ಟ್ 16ರ ರಾತ್ರಿ ಸುತ್ತಲಿನ ಐದು ಬೆಟ್ಟಗಳ ಮೇಲೆ ಬೆಂಕಿ ಹೊತ್ತಿಸಿ ಪಿತೃಗಳನ್ನು ಬೀಳ್ಕೊಡುತ್ತಾರೆ. ಸೆಕೆಯೂ ಸಾವೂ ಜೊತೆಯಾಗಿದ್ದ ತಿಂಗಳುಗಳಲ್ಲಿ ಹುಟ್ಟಿದ ಆಚರಣೆಗಳಿವು. ಸೆಕೆಯನ್ನು ಬಿಟ್ಟು ಇವುಗಳ ಅರ್ಥ ಹತ್ತುವುದಿಲ್ಲ. ಹಾಗೆಂದು ಸೆಕೆಯನ್ನು ಹಗುರಾಗಿ ಎಣಿಸಬೇಕಾಗಿಲ್ಲ: ಮನೆಯನ್ನು ಬೇಸಿಗೆಯನ್ನು ಮನಸ್ಸಿನಲ್ಲಿಟ್ಟು ಕಟ್ಟಬೇಕು, ಚಳಿಗಾಲವನ್ನು ಎಲ್ಲಾದರೂ ಕಳೆಯಬಹುದು ಎಂದು ಅದೇ ಕೆಂಕೊ ಬರೆದಿದ್ದಾನೆ.

ಇನ್ನು ಗಂಟಿನ ವಿಷಯ. ರಾಜಗೃಹದಿಂದ ವೈಶಾಲಿಗೆ ಹೋಗುವ ದಾರಿಯಲ್ಲಿ ಭಿಕ್ಷುಗಳು ತಲೆಯ ಮೇಲೆ, ಹೆಗಲ ಮೇಲೆ, ಸೊಂಟದ ಮೇಲೆ ಬಟ್ಟೆಯ ಗಂಟುಗಳನ್ನು ಹೊತ್ತು ಬರುವುದನ್ನು ಬುದ್ಧನು ಕಂಡನು. ವೈಶಾಲಿಯ ಗೋತಮಕ ಚೈತ್ಯದಲ್ಲಿ, ಹಿಮ ಬೀಳುವ ಕಡುಚಳಿಯ ರಾತ್ರಿಯೊಂದರಲ್ಲಿ, ಅವನು ಒಂದೇ ಚೀವರವನ್ನು, ಅಂದರೆ ಭಿಕ್ಷುವಿನ ವಸ್ತ್ರವನ್ನು, ಹೊದ್ದು ಬಯಲಲ್ಲಿ ಕುಳಿತನು. ಮೊದಲ ಯಾಮ ಕಳೆದು ಚಳಿಯಾದಾಗ ಎರಡನೆಯದನ್ನು, ನಡುವಿನ ಯಾಮ ಕಳೆದಾಗ ಮೂರನೆಯದನ್ನು, ಕೊನೆಯ ಯಾಮ ಕಳೆದಾಗ ನಾಲ್ಕನೆಯದನ್ನು ಹೊದ್ದನು. ಇದರಿಂದ, ಎರಡು ಪದರದ ಒಂದು ಹೊದಿಕೆ ಮತ್ತು ಒಂದೊಂದು ಪದರದ ಎರಡು ವಸ್ತ್ರಗಳು, ಒಟ್ಟು ಮೂರು ಚೀವರ, ಚಳಿಗೆ ಅಂಜುವ ಕುಲೀನನಿಗೂ ಸಾಕು ಎಂಬ ಮಿತಿ ಏರ್ಪಟ್ಟಿತು. ಈ ಪ್ರಸಂಗದ ಸ್ವಾರಸ್ಯವಿರುವುದು ತ್ಯಾಗದ ಹೊಗಳಿಕೆಯಲ್ಲಲ್ಲ, ಅಳತೆಯ ಪ್ರಾಮಾಣಿಕತೆಯಲ್ಲಿ. ಚಳಿಯ ಕಲ್ಪನೆಗೆ ತಕ್ಕಂತೆ ಕಟ್ಟಿದ ಗಂಟು ಸೊಂಟದವರೆಗೂ ಬೆಳೆಯುತ್ತದೆ. ಮೈಗೆ ತಟ್ಟಿದ ಚಳಿಗೆ ತಕ್ಕಂತೆ ಕಟ್ಟಿದ ಗಂಟಿಗೆ ಒಂದು ಕೊನೆಯುಂಟು.

ಅಳತೆ ಮಾಡಿದ ಗಂಟೂ ಮೋಹವಾಗಬಲ್ಲದೆಂಬ ಎಚ್ಚರ ಕ್ಯೋಟೊದಲ್ಲಿಯೇ ಹುಟ್ಟಿದೆ. ಬೆಂಕಿ, ಬಿರುಗಾಳಿ, ಬರ, ಭೂಕಂಪಗಳಲ್ಲಿ ರಾಜಧಾನಿ ನಲುಗಿದ್ದನ್ನು ಕಂಡ ಕಾಮೊ ನೊ ಚೋಮೇಯ್ ಹಿನೋ ಬೆಟ್ಟದಲ್ಲಿ ಹತ್ತಡಿ ಚೌಕದ ಗುಡಿಸಲು ಕಟ್ಟಿಕೊಂಡು, 1212ರಲ್ಲಿ ಹೋಜೋಕಿ ಎಂಬ ಸಣ್ಣ ಗ್ರಂಥವನ್ನು ಬರೆದನು. ಬೇಸರವಾದರೆ ಕಳಚಿ ಬೇರೆಡೆಗೆ ಒಯ್ಯಲೆಂದು ಅವನು ಮನೆಯ ಕೀಲುಗಳಿಗೆ ಕೊಂಡಿ ಹಾಕಿಸಿದ್ದನು. ಇಡೀ ಮನೆ ಎರಡು ಗಾಡಿಗಳಲ್ಲಿ ಹಿಡಿಯುತ್ತಿತ್ತು. ಒಳಗೆ ಅಮಿತಾಭ ಬುದ್ಧನ ಚಿತ್ರ, ಕೆಲವು ಪುಸ್ತಕಗಳು, ಎರಡು ತಂತಿವಾದ್ಯಗಳು. ಆದರೆ ಗ್ರಂಥದ ಕೊನೆಯಲ್ಲಿ ಅವನು ತನ್ನನ್ನೇ ವಿಚಾರಣೆಗೆ ಗುರಿಪಡಿಸಿ, ಈ ಗುಡಿಸಲನ್ನು ಪ್ರೀತಿಸುವುದೂ ಬಂಧನವಲ್ಲವೇ ಎಂದು ಶಂಕಿಸುತ್ತಾನೆ. ಕಡಿಮೆ ಸಾಮಾನಿನ ಬಗ್ಗೆ ಹೆಮ್ಮೆಪಡುವ ಇಂದಿನ ಹಗುರ ಪ್ರಯಾಣಿಕರ ಪಂಥಕ್ಕೆ ಈ ಶಂಕೆ ಬಹಳ ಅಗತ್ಯವಾದದ್ದು.

ಇಷ್ಟನ್ನು ಒಪ್ಪಿದ ಓದುಗರು ಮಾಡಬಹುದಾದುದು ಸರಳವಾಗಿದೆ. ಆಯ್ಕೆ ಕೈಯಲ್ಲಿದ್ದವರು ಹೂವಿನ ಮತ್ತು ಕೆಂಪೆಲೆಯ ಎರಡು ತುಂಬು ವಾರಗಳನ್ನು ಊರಿನವರಿಗೆ ಬಿಟ್ಟುಕೊಟ್ಟು, ಪಾಚಿ ಹಸುರೇರುವ ಜೂನ್ ತಿಂಗಳನ್ನೋ ಫೆಬ್ರವರಿಯನ್ನೋ ಆರಿಸಿಕೊಳ್ಳುವುದು ಒಳ್ಳೆಯದು. ಹೂವನ್ನೇ ನೋಡಬೇಕೆಂಬ ಆಸೆ ತಡೆಯಲಾರದವರು ನೊರಿನಾಗನನ್ನು ನೆನೆದು ನಿಶ್ಚಿಂತೆಯಿಂದ ಹೋಗಲಿ, ಆದರೆ ಬಸ್ಸಿಗೆ ದೊಡ್ಡ ಸೂಟ್‌ಕೇಸ್ ಹತ್ತಿಸದಿರಲಿ. ವಯಸ್ಸಾದವರೂ ಹೃದಯದ ತೊಂದರೆಯುಳ್ಳವರೂ ಜುಲೈ, ಆಗಸ್ಟ್ ತಿಂಗಳುಗಳಿಗೆ ಹೋಗುವುದು ಬೇಡ. ಬೆಂಗಳೂರಿನ ಹವೆಗೆ ಒಗ್ಗಿದ ಮೈಗೂ ಚಳಿಗಾಲದಲ್ಲಿ ಒಂದರ ಮೇಲೊಂದು ತೊಡಬಹುದಾದ ಮೂರು ನಾಲ್ಕು ಪದರದ ಬಟ್ಟೆ ಸಾಕು. ದೇಗುಲಗಳಲ್ಲಿ ಪಾದರಕ್ಷೆ ಕಳಚಿ ತಣ್ಣನೆಯ ಮರದ ನೆಲದ ಮೇಲೆ ನಡೆಯಬೇಕಾದ್ದರಿಂದ ದಪ್ಪನೆಯ ಕಾಲುಚೀಲವೂ ಸುಲಭವಾಗಿ ಬಿಚ್ಚಬಹುದಾದ ಬೂಟೂ ಇರಲಿ. ಕೊಡೆ ಅಲ್ಲಿಯೇ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಫೆಬ್ರವರಿಯಲ್ಲಿ ಹೋದವರಿಗೆ ಹೂವು ಇಲ್ಲವೆಂದೇನಿಲ್ಲ: ಕಿತಾನೊ ತೆನ್ಮಾನ್‌ಗೂ ದೇಗುಲದಲ್ಲಿ, 903ರಲ್ಲಿ ದೇಶಭ್ರಷ್ಟನಾಗಿ ಸತ್ತ ವಿದ್ವಾಂಸ ಸುಗಾವಾರ ನೊ ಮಿಚಿಜಾನೆಯ ನೆನಪಿಗೆ, ಫೆಬ್ರವರಿ 25ರಂದು ಪ್ಲಮ್ ಹೂಗಳ ಉತ್ಸವ ನಡೆಯುತ್ತದೆ.