ಹಿರಿಯರ ಪಾನವೂ ಕಿರಿಯರ ಮೌನವೂ

ಹಿರಿಯರ ದೋಷವನ್ನು ಕಿರಿಯರು ಎತ್ತಿ ಆಡಬಾರದೆಂಬುದು ನಮ್ಮಲ್ಲಿ ಪರಂಪರೆಯಿಂದ ಬಂದ ಮರ್ಯಾದೆ. ಆದರೆ ಮುಪ್ಪಿನಲ್ಲಿ ತಂದೆಯು ಮದ್ಯಕ್ಕೆ ವಶನಾದಾಗ ಮಗನು ಸುಮ್ಮನಿರುವುದೂ ಆ ಮರ್ಯಾದೆಯೇ ಆದೀತೆ ಎಂಬುದು ವಿಚಾರಣೀಯವಾಗಿದೆ.

ಎಲೆಕ್ಟ್ರಾನಿಕ್ ಸಿಟಿಯನ್ನೇ ನೋಡೋಣ. 1978ರಲ್ಲಿ ಆರ್. ಕೆ. ಬಾಳಿಗರ ಸಂಕಲ್ಪದಂತೆ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಅದನ್ನು ಆರಂಭಿಸಿತು. ಇಂದು ಆ ಸುತ್ತಿನಲ್ಲಿ ಎರಡು ಬಗೆಯ ವೃದ್ಧರನ್ನು ಕಾಣುತ್ತೇವೆ. ಹೊಲ ಹೋಗಿ ಬಾಡಿಗೆ ಮನೆಗಳ ಯಜಮಾನರಾದ ಊರಿನವರು ಕೆಲವರು. ಮಕ್ಕಳ ಉದ್ಯೋಗದ ನಿಮಿತ್ತ ದೂರದಿಂದ ಬಂದು ಎತ್ತರದ ಕಟ್ಟಡಗಳಲ್ಲಿ ಹಗಲೆಲ್ಲ ಒಬ್ಬರೇ ಕುಳಿತಿರುವವರು ಕೆಲವರು. ಮೊದಲಿನವರಿಗೆ ಹಣವುಂಟು, ಗೇಯ್ಮೆಯಿಲ್ಲ. ಎರಡನೆಯವರಿಗೆ ಹೊತ್ತುಂಟು, ಮಾತಿಗೆ ಜನವಿಲ್ಲ. ಸೀಸೆಯು ಮನೆಯೊಳಗೆ ಬರಲು ಇಷ್ಟು ಸಾಕು. ಸೊಸೆಯು ಕಂಡರೂ ಹೇಳಳು. ಮಗನು, "ಈ ವಯಸ್ಸಿನಲ್ಲಿ ಅಪ್ಪನಿಗೆ ಇನ್ನೇನು ಹೇಳುವುದು!" ಎನ್ನುವನು. (ಸರ್ಕಾರವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು, ಉಳಿದ ಮದ್ಯದಂಗಡಿಗಳು ಇದ್ದೇ ಇವೆ.)

ಹೇಳಬೇಕಾದುದು ಈ ವಯಸ್ಸಿನಲ್ಲಿಯೇ. ವಯಸ್ಸಾದಂತೆ ಶರೀರದ ಜಲಾಂಶವು ಕುಗ್ಗುವುದರಿಂದ, ನಲವತ್ತರಲ್ಲಿ ಕುಡಿದಷ್ಟನ್ನೇ ಎಪ್ಪತ್ತರಲ್ಲಿ ಕುಡಿದರೂ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚುತ್ತದೆ. ನಿದ್ರೆಯ ಗುಳಿಗೆ, ಮಧುಮೇಹದ ಔಷಧಗಳೊಡನೆ ಸೇರಿದರಂತೂ ಅಪಾಯವು ಇನ್ನೂ ಅಧಿಕ. ಕಾಲು ತಪ್ಪಿ ಬಿದ್ದುದನ್ನೂ ಮರೆವನ್ನೂ ನಾವು ಮುಪ್ಪಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಮಹಾಭಾರತದ ಆದಿಪರ್ವದಲ್ಲಿ ಅಸುರರು ಕಚನನ್ನು ಕೊಂದು, ಸುಟ್ಟು, ಆ ಬೂದಿಯನ್ನು ಸುರೆಯಲ್ಲಿ ಬೆರೆಸಿ ಶುಕ್ರಾಚಾರ್ಯರಿಗೆ ಕುಡಿಸಿದರಷ್ಟೆ. ಸಂಜೀವಿನೀ ವಿದ್ಯೆಯನ್ನೇ ಬಲ್ಲ ಆ ಹಿರಿಯರಿಗೆ ತಮ್ಮ ಉದರದಲ್ಲಿ ಶಿಷ್ಯನಿರುವುದು ತಿಳಿಯದೆ ಹೋಯಿತು. ಕಚನು ಬಾರನೆಂದು ಮಗಳು ದೇವಯಾನಿಯು ಬಿಡದೆ ತಂದೆಯನ್ನು ಪೀಡಿಸಿದ್ದರಿಂದಲೇ ಸತ್ಯವು ಹೊರಬಂದಿತು. ಅವಳು ಕಚನ ಮೇಲಣ ಪ್ರೀತಿಯಿಂದ ಕೇಳಿದಳೇ ಹೊರತು ತಂದೆಯ ಹಿತಕ್ಕಾಗಿ ಅಲ್ಲವೆನ್ನಬಹುದು, ಇರಲಿ. ಬಳಿಕ ಸುರಾಪಾನಕ್ಕೆ ನಿಷೇಧವನ್ನು ವಿಧಿಸಿದವರು ಆ ಶುಕ್ರರೇ. ಮಗಳು ಸುಮ್ಮನಿದ್ದಿದ್ದರೆ ಅವರಿಗೆ ಆ ಎಚ್ಚರ ಎಲ್ಲಿಂದ ಬರುತ್ತಿತ್ತು?

ಕೇಳುವುದೆಂದರೆ ಗದರಿಸುವುದಲ್ಲ, ಸೀಸೆಯನ್ನು ಕಸಿಯುವುದಂತೂ ಅಲ್ಲವೇ ಅಲ್ಲ. ಬಹುಕಾಲ ಹೆಚ್ಚಾಗಿ ಕುಡಿದವರು ಥಟ್ಟನೆ ಬಿಟ್ಟರೆ ನಡುಕ, ಫಿಟ್ಸ್, ಚಿತ್ತಭ್ರಮೆಗಳು ತಲೆದೋರಬಹುದು, ಪ್ರಾಣಕ್ಕೂ ಸಂಚಕಾರವುಂಟು. ಆದುದರಿಂದ ವೈದ್ಯರ ನಿಗಾದಲ್ಲಿಯೇ ಬಿಡಿಸತಕ್ಕದ್ದು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಲ್ಲಿಯೇ ನಿಮ್ಹಾನ್ಸ್ ಇದೆ. ವ್ಯಸನ ಚಿಕಿತ್ಸೆಗೆಂದು ಅಲ್ಲಿ ಪ್ರತ್ಯೇಕ ವಿಭಾಗವಿದೆ. ಎಷ್ಟು, ಎಂದಿನಿಂದ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ. ಇದಕ್ಕೆ ಉತ್ತರ ಹೇಳಬಲ್ಲ ಮಗನು ಎಷ್ಟು ಮನೆಗಳಲ್ಲಿರುವನೋ ನಾವು ಅರಿಯೆವು.